ಎಂಜಲಾಗದ ಹಣ್ಣು

ಹೆಂಡತಿಯ ಸೋದರಮಾವ ಊಟ ಮುಗಿಸಿದ ಕೂಡಲೇ ಬಾಯಿಂದ ಹಲ್ಲಿನ ಸೆಟ್ಟು ತೆಗೆದು, ನೀರಿನ ಲೋಟಕ್ಕೆ ಹಾಕಿ, ಮೇಜಿನ ನಟ್ಟನಡುವೆ ಇಡುತ್ತಿದ್ದರು. ಉಳಿದವರ ಊಟ ಆಗಿನ್ನೂ ಅರ್ಧ ಆಗಿರುತ್ತಿತ್ತು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಅಗುಳು ಒಂದೊಂದೇ ಬಿಟ್ಟುಕೊಂಡು ಲೋಟದ ತಳಕ್ಕೆ ಇಳಿಯುವುದನ್ನು ಅವನು ಮದುವೆಯಾದಾಗಿನಿಂದ ನೋಡುತ್ತ ಬಂದಿದ್ದ. ಬೇಡ ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಗಾಜಿನ ಹಿಂದೆ ಆ ಗುಲಾಬಿ ಬಣ್ಣದ ವಸಡು ದಪ್ಪಗೆ ಕಾಣುತ್ತ, ಅವನನ್ನೇ ನೋಡಿ ಹಲ್ಲು ಕಿರಿಯುತ್ತಿತ್ತು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಮಾವ ಪೇಪರು ಓದಿದರೆ ಪ್ರತಿ ಹಾಳೆಯ ಮೂಲೆಯೂ ಉಗುಳಿನಿಂದ ಒದ್ದೆ. ಸೋಫಾದ ಮೇಲೆ ಕೂತು ಕಾಲುಗುರು ಕತ್ತರಿಸಿದರೆ ಅದರ ಚೂರುಗಳು ವಾರವಿಡೀ ದಿಂಬಿನ ಸಂದಿಯಲ್ಲಿ ಸಿಗುತ್ತಿದ್ದವು. ಮಾರುಕಟ್ಟೆಗೆ ಹೋದರೆ ಪ್ರತಿ ಗಾಡಿಯ ದ್ರಾಕ್ಷಿಯನ್ನೂ ಬಾಯಿಗೆ ಹಾಕಿ ನೋಡಿ, ಹುಳಿ ಎಂದು ಮುಖ ಕಿವುಚಿ, ಏನೂ ಕೊಳ್ಳದೆ ಹೊಟ್ಟೆ ತುಂಬಿಸಿಕೊಂಡು ಬರುತ್ತಿದ್ದರು. ಎದುರು ಕೂತವರ ತಟ್ಟೆಗೇ ಕೈ ಹಾಕಿ ‘ಇದು ಹೇಗಿದೆ ನೋಡೋಣ’ ಎನ್ನುತ್ತಿದ್ದರು. ಅವರು ಎಂಜಲು ಮಾಡದೆ ಬಿಟ್ಟ ವಸ್ತು ಆ ಮನೆಯಲ್ಲಿ ಒಂದೂ ಇರಲಿಲ್ಲ. ಬಿಟ್ಟಿ ಸಿಕ್ಕಿದ್ದನ್ನಂತೂ ಬಿಟ್ಟು ಬಂದವರೇ ಅಲ್ಲ. ಯಾರದೋ ಸಮಾರಂಭದ ಬಿಸ್ಕತ್ತು, ಹೋಟೆಲಿನ ಸಕ್ಕರೆ ಪೊಟ್ಟಣ, ಆಸ್ಪತ್ರೆಯಲ್ಲಿ ರೋಗಿಯ ತಲೆದೆಸೆಯಲ್ಲಿ ಇಟ್ಟಿದ್ದ ಸೇಬು, ಎಲ್ಲವೂ ಮೂಗೊರೆಸುವ ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಬರುತ್ತಿದ್ದವು.

ಹೆಂಡತಿ ಅವನ್ನು ಎಸೆಯುತ್ತಿರಲಿಲ್ಲ. ಒಂದು ಸಂಜೆ ಅವನು ಚಹಾದ ಜೊತೆ ನಾಲ್ಕು ಬಿಸ್ಕತ್ತು ತಿಂದು, ಚೆನ್ನಾಗಿದೆ ಎಂದ ಮೇಲೆ ಸಂಗತಿ ತಿಳಿಯಿತು. ಓಡಿ ಹೋಗಿ ಬಚ್ಚಲಲ್ಲಿ ಕಕ್ಕಿದ.

“ಮಾಮ ತಂದದ್ದು ಅಂದ್ರೆ ನೀವು ಮುಟ್ಟಲ್ಲ, ಅದಕ್ಕೇ ಹೇಳಲಿಲ್ಲ,” ಎಂದಳು ಅವಳು, ಬಾಗಿಲಾಚೆ ನಿಂತು. “ತಿನ್ನೋ ಪದಾರ್ಥ ಎಸೆಯೋಕೆ ನಂಗೆ ಕೈ ಬರಲ್ಲ ಕಣ್ರೀ.”

ಅಂದಿನಿಂದ ಅವನು ಏನನ್ನು ಬಾಯಿಗಿಡುವ ಮೊದಲೂ ‘ಇದು ಎಲ್ಲಿಂದ ಬಂತು’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡ. ಸ್ವಂತ ಮನೆಯಲ್ಲಿ, ಸ್ವಂತ ಹೆಂಡತಿಯ ಕೈಯಡುಗೆಗೆ ಈ ವಿಚಾರಣೆ. ಅಲ್ಲ, ಸ್ವಂತ ಮನೆ ಎಲ್ಲಿ ಬಂತು? ಮನೆ ಮಾವನದು. ಅಪ್ಪ ಅಮ್ಮ ಇಲ್ಲದ ಹುಡುಗಿಯನ್ನು ಅದೇ ಮನೆಯಲ್ಲಿ ಸಾಕಿ, ಮದುವೆ ಮಾಡಿ, ಅಳಿಯನನ್ನೂ ಒಳಗೆ ಕರೆದುಕೊಂಡವರು ಅವರು. ಅವನ ಟ್ರಾವೆಲ್ಸ್ ಆಫೀಸಿನ ಎದುರಿಗೇ ಒಂದು ಚಿಕ್ಕ ಫ್ಲಾಟು ಖಾಲಿಯಾಗಿತ್ತು. ಅಡುಗೆಮನೆಯ ಗೋಡೆಗೆ ಬಿಳಿ ಟೈಲ್ಸು, ಕಿಟಕಿಯ ಬಳಿ ಇಬ್ಬರಿಗಷ್ಟೇ ಹಿಡಿಸುವ ಮೇಜು. ಅದನ್ನು ನೋಡಿ ಬಂದ ದಿನ ಅವನಿಗೆ ಎಷ್ಟೋ ಕಾಲದ ನಂತರ ಹಸಿವಾಗಿತ್ತು.

“ಮಾಮ ಇರೋವರೆಗೂ ನಾನು ಎಲ್ಲಿಗೂ ಬರಲ್ಲ,” ಎಂದುಬಿಟ್ಟಳು ಹೆಂಡತಿ. “ನನ್ನ ಎತ್ತಿ ಆಡಿಸಿದವರು. ಅವರಿಗೆ ಬೇರೆ ಯಾರಿದ್ದಾರೆ?”

ಇರೋವರೆಗೂ. ಮಾತು ಅವಳದು, ಅದನ್ನು ಹಿಡಿದುಕೊಂಡವನು ಇವನು. ಆದರೆ ಮಾವ ಹೋಗುವ ಲಕ್ಷಣ ಎಲ್ಲಿತ್ತು? ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ಹೊಟ್ಟೆ ಅವರದು. ಇಡೀ ಊರಿಗೆ ಜ್ವರ ಬಂದಾಗಲೂ ಅವರಿಗೆ ಒಂದು ಸೀನು ಬಂದು ಹೋಗಿತ್ತು, ಅದೂ ಅವನ ತಟ್ಟೆಯ ಮೇಲೆ.

ದಾರಿ ತೋರಿಸಿದವರು ಇಬ್ಬರು ಗಿರಾಕಿಗಳು, ಗಂಡ ಹೆಂಡತಿ. ಕೆರಿಬಿಯನ್ ಸಮುದ್ರದಲ್ಲಿ ಹಡಗಿನ ಪ್ರವಾಸ ಮುಗಿಸಿ ಬಂದವರು ಫೋಟೋ ತೋರಿಸಲು ಆಫೀಸಿಗೆ ಬಂದಿದ್ದರು. ಒಂದು ಫೋಟೋದಲ್ಲಿ ಬಿಳಿ ಮರಳು, ಮರಳಿನ ಅಂಚಿಗೆ ಸಾಧಾರಣವಾದ ಒಂದು ಮರ, ಕಾಂಡಕ್ಕೆ ಕೆಂಪು ಬಣ್ಣದ ಪಟ್ಟಿ. ಕೆಳಗೆ ಉದುರಿದ್ದ ಹಸಿರು ಹಣ್ಣುಗಳು ಪುಟ್ಟ ಸೇಬಿನ ಹಾಗಿದ್ದವು.

“ವಿಷ ಇದು, ಸಾವಿನ ಸೇಬು ಅಂತಾರಂತೆ,” ಎಂದ ಗಿರಾಕಿ. “ವಾಸನೆ ಘಮ್ ಅಂತಿರುತ್ತೆ. ತಿಂದ್ರೆ ಮೊದಲು ಸಕ್ಕರೆಯಷ್ಟು ಸಿಹಿಯಂತೆ. ಆಮೇಲೆ ಮೆಣಸು ಅಗಿದ ಹಾಗೆ ಶುರುವಾಗಿ ಗಂಟಲೇ ಮುಚ್ಚಿಹೋಗುತ್ತಂತೆ. ಮರದ ಹಾಲು ಸೋಕಿದ್ರೂ ಚರ್ಮ ಸುಡುತ್ತೆ. ಅದಕ್ಕೇ ಈ ಕೆಂಪು ಪಟ್ಟಿ.”

ಅವನು ಫೋಟೋವನ್ನು ಬಹಳ ಹೊತ್ತು ನೋಡಿದ. ನೆಲದಲ್ಲಿ ಬಿದ್ದ ಹಣ್ಣು. ಬಿಟ್ಟಿ ಹಣ್ಣು. ಅದರ ಮುಂದೆ ಮಾವನನ್ನು ನಿಲ್ಲಿಸಿದರೆ ಮುಂದಿನ ಕೆಲಸ ಮಾವನ ನಾಲಿಗೆಯೇ ಮಾಡಿಕೊಳ್ಳುತ್ತದೆ. ಅವನು ಭೂಮಿಯ ಈಚೆ ಬದಿಯಲ್ಲಿ ಆಫೀಸಿನ ಕುರ್ಚಿಯಲ್ಲಿ ಕೂತಿರುತ್ತಾನೆ. ಚಾಕು ಬೇಡ, ಮಾತ್ರೆ ಬೇಡ, ಕೈಗೆ ಮಣ್ಣು ಕೂಡ ಅಂಟುವುದಿಲ್ಲ. ಬೋರ್ಡು ಹಾಕಿದ್ದರೂ ಓದದೆ ತಿಂದ ಮುದುಕ ಎಂದು ಅಲ್ಲಿಯ ಪೊಲೀಸರು ಬರೆದುಕೊಳ್ಳುತ್ತಾರೆ. ಕೊಲೆಗಾರನೇ ಇಲ್ಲದ ಕೊಲೆ.

ಇನ್ನು ಉಳಿದದ್ದು ಅವನ ವೃತ್ತಿಯ ಕೆಲಸ. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೊದಲ ಸಲ ಹಡಗು ಹತ್ತುವವರಿಗೆ ಅವನು ಹೇಳುತ್ತಿದ್ದುದು ಇಷ್ಟು: ಚಿಕ್ಕ ಪ್ರವಾಸ ತಗೊಳ್ಳಿ, ಕೆರಿಬಿಯನ್ನಿನಲ್ಲಾದರೆ ಪಶ್ಚಿಮದ ದಾರಿ ಹಿಡಿಯಿರಿ, ದೊಡ್ಡ ಬಂದರುಗಳನ್ನೇ ಆರಿಸಿಕೊಳ್ಳಿ, ಅಲ್ಲಿ ಹಡಗು ನೇರವಾಗಿ ದಕ್ಕೆಗೇ ತಾಗುತ್ತದೆ, ಇಳಿದ ಕಡೆ ಗೈಡು ಸಿಗುತ್ತಾನೆ. ಕೋಣೆ ಮಾತ್ರ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಇರಲಿ, ತೂಗಾಟ ಕಡಿಮೆ. ಮಾವನಿಗೆ ಅವನು ಇದನ್ನೆಲ್ಲ ತಿರುಗಿಸಿ ಹಾಕಿದ. ದಕ್ಷಿಣದ ಉದ್ದನೆಯ ದಾರಿ ಆರಿಸಿದ. ಆ ದಾರಿಯಲ್ಲಿ ಒಂದು ಪುಟ್ಟ ದ್ವೀಪವಿತ್ತು. ಅಲ್ಲಿ ಹಡಗು ದೂರದಲ್ಲೇ ಲಂಗರು ಹಾಕಿ, ಜನರನ್ನು ಚಿಕ್ಕ ದೋಣಿಯಲ್ಲಿ ದಡಕ್ಕೆ ಬಿಡುತ್ತದೆ. ಪೇಟೆಯಿಲ್ಲ, ಅಂಗಡಿಯಿಲ್ಲ, ಮರಳು ಮತ್ತು ಮರ. ಗಿರಾಕಿಯ ಫೋಟೋ ಆ ದಡದ್ದೇ. ಗೈಡಿನ ಜೊತೆ ಸುತ್ತುವ ಏರ್ಪಾಡಿಗೆ ಮಾವನ ಹೆಸರು ಸೇರಿಸಲಿಲ್ಲ. ಅಲ್ಲಿಯ ಭಾಷೆ ಮಾವನಿಗೆ ಬಾರದು. ಓದುವ ಕನ್ನಡಕ ಹಾಕಿಕೊಂಡು ಬೋರ್ಡು ನೋಡುವ ಜಾಯಮಾನವೂ ಅಲ್ಲ.

ಹಡಗಿನ ಕಂಪನಿಯವರು ಏಜೆಂಟರಿಗೆ ವರ್ಷಕ್ಕೊಂದು ಸಲ ಬಿಟ್ಟಿ ಕೋಣೆ ಕೊಡುತ್ತಿದ್ದರು. ನಡುಭಾಗದ್ದೂ ಒಂದಿತ್ತು, ಮೂತಿಯ ತುದಿಯದ್ದೂ ಒಂದಿತ್ತು. ಅಲೆ ಮೊದಲು ಬಡಿಯುವುದು ಮೂತಿಗೆ. ಅಲ್ಲಿ ಮಲಗಿದವರ ಕರುಳು ಬಾಯಿಗೆ ಬರುತ್ತದೆ ಎಂದು ಅವನು ಗಿರಾಕಿಗಳಿಗೆ ಸಾರಿ ಸಾರಿ ಹೇಳುತ್ತಿದ್ದ. ಯೋಜನೆಗೆ ಯಾವ ಕೋಣೆಯಾದರೂ ನಡೆಯುತ್ತಿತ್ತು. ಆದರೂ ಅವನು ಮೂತಿಯದ್ದನ್ನೇ ಆರಿಸಿದ. ಅಷ್ಟು ವರ್ಷ ತನ್ನ ಹೊಟ್ಟೆ ತೊಳಸಿದವರ ಹೊಟ್ಟೆಯೂ ಸಾಯುವ ಮೊದಲು ನಾಲ್ಕು ದಿನ ತೊಳಸಲಿ ಎಂದುಕೊಂಡ. ಒಪ್ಪಿಗೆಯ ಗುಂಡಿ ಒತ್ತುವಾಗ ಅವನಿಗೆ ನಿಜಕ್ಕೂ ಖುಷಿಯಾಯಿತು.

ಟಿಕೆಟ್ಟು ತಂದು ಕೊಟ್ಟಾಗ ಹೆಂಡತಿಯ ಕಣ್ಣು ತುಂಬಿಬಂತು. “ಮಾಮನ್ನ ಕಂಡ್ರೆ ನಿಮಗಾಗಲ್ಲ ಅಂದ್ಕೊಂಡಿದ್ದೆ,” ಎಂದಳು.

ಮಾವನಿಗೆ ಬೇರೆಯದೇ ಸಂಶಯ. “ಊಟ ಎಲ್ಲ ಟಿಕೆಟ್ಟಲ್ಲೇ ಬಂತಾ?”

“ಎಲ್ಲ ಬಂತು ಮಾವ.”

“ಎಷ್ಟು ತಿಂದ್ರೂ ಕೇಳೋರಿಲ್ವಾ?”

“ಬೆಳಗಿಂದ ರಾತ್ರಿವರೆಗೂ ತಿನ್ನಿ.”

ಮಾವ ಬೆರಳು ನೆಕ್ಕಿ ಕಂಪನಿಯ ಬಣ್ಣದ ಪುಸ್ತಕದ ಹಾಳೆ ತಿರುವಿದರು. ದ್ವೀಪದ ಚಿತ್ರ ಬಂದಾಗ ಅವನು ಕುರ್ಚಿ ಹತ್ತಿರ ಎಳೆದುಕೊಂಡ. ಅವರ ಉಸಿರಿಗೆ ವಾಕರಿಕೆ ಬಂದರೂ ತಡೆದುಕೊಂಡ.

“ಈ ದಡದಲ್ಲಿ ಸೇಬಿನ ಥರ ಒಂದು ಹಣ್ಣು ಬಿದ್ದಿರುತ್ತೆ ಮಾವ. ಅಂಥ ರುಚಿ ಇನ್ನೆಲ್ಲೂ ಇಲ್ವಂತೆ. ಒಳ್ಳೊಳ್ಳೆ ಮರಕ್ಕೆಲ್ಲ ಅಲ್ಲಿಯ ಹೋಟೆಲಿನವರು ಕೆಂಪು ಪಟ್ಟಿ ಬಳಿದು ತಮಗೇ ಇಟ್ಕೊಂಡಿದ್ದಾರೆ. ಯಾರಾದ್ರೂ ಹತ್ರ ಹೋದ್ರೆ ವಿಷ, ಗಿಷ ಅಂತ ಹೆದರಿಸಿ ಓಡಿಸ್ತಾರೆ.”

“ಕಳ್ಳ ನನ್ನಮಕ್ಕಳು,” ಎಂದರು ಮಾವ. ಅವರ ಬಾಯಲ್ಲಿ ಆಗಲೇ ನೀರೂರಿತ್ತು, ಅದು ತುಟಿಯ ಅಂಚಿಗೂ ಬಂದಿತ್ತು.

ಕಲಾವಿದ ಕೊನೆಯ ಗೆರೆ ಎಳೆಯುವ ಹಾಗೆ ಅವನು ಸೇರಿಸಿದ, “ನಂಗೂ ಒಂದ್ಸಲ ಅದನ್ನ ತಿನ್ಬೇಕು ಅಂತ ಬಹಳ ದಿನದ ಆಸೆ. ಏನ್ಮಾಡೋದು, ಪುಣ್ಯ ನಿಮ್ಮದು.”

ಮಾವ ಅವನ ಮುಖವನ್ನು ಒಂದು ಕ್ಷಣ ನೋಡಿ, ನೆಕ್ಕಿದ ಅದೇ ಬೆರಳುಗಳಿಂದ ಅವನ ಕೆನ್ನೆ ತಟ್ಟಿದರು. ಅವನು ಒಳಗೆ ಹೋಗಿ ಎರಡು ಸಲ ಸೋಪು ಹಾಕಿ ಮುಖ ತೊಳೆದುಕೊಂಡ.

ಮಾವ ಹೊರಟ ಮೇಲೆ ಮನೆಯಲ್ಲಿ ಊಟದ ಮೇಜು ಮೇಜಿನ ಹಾಗೆ ಕಂಡಿತು. ಅವನು ಹಲ್ಲಿನ ಸೆಟ್ಟಿನ ಆ ಲೋಟವನ್ನು ಕಸದ ಬುಟ್ಟಿಗೆ ಹಾಕಿದ. ಹಡಗು ಆ ದ್ವೀಪ ಮುಟ್ಟುವ ದಿನ ಬೆಳಗಿನಿಂದ ಆಫೀಸಿನ ಫೋನಿನ ಪಕ್ಕದಲ್ಲೇ ಕೂತ. ಸುದ್ದಿ ಬಂದಾಗ ಮೊದಲು ಮೌನ, ಆಮೇಲೆ ‘ಏನಂದ್ರಿ?’, ಆಮೇಲೆ ಕುರ್ಚಿಯಲ್ಲಿ ಕುಸಿಯುವುದು, ಎಲ್ಲ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದ. ಫೋನು ಬರಲಿಲ್ಲ. ಮರುದಿನವೂ ಬರಲಿಲ್ಲ. ಹಾಳು ಹೊಟ್ಟೆ, ವಿಷವನ್ನೂ ಅರಗಿಸಿಕೊಂಡಿತೇನೋ ಎಂದು ಅವನ ಮೈ ಉರಿಯಿತು. ದಿನ ಕಳೆದಂತೆ ಉರಿ ಹೋಗಿ ಜಿಗುಪ್ಸೆ ಮಾತ್ರ ಉಳಿಯಿತು.

ಕೊನೆಗೊಂದು ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಬಂದಾಗ ಬಾಗಿಲಲ್ಲಿ ಮಾವನ ಪೆಟ್ಟಿಗೆ ಬಾಯಿ ತೆರೆದುಕೊಂಡು ಕೂತಿತ್ತು. ಸೋಫಾದಲ್ಲಿ ಮಾವ. ಆದರೆ ಮುಖ ಬೇರೆಯೇ ಆಗಿತ್ತು. ಕೆನ್ನೆ ಎರಡೂ ಒಳಗೆ ಹೋಗಿ, ತುಟಿ ದಾರ ಎಳೆದ ಚೀಲದ ಹಾಗೆ ಸುರುಟಿಕೊಂಡಿತ್ತು. ಅವನು ಆ ಬಾಯಿಯನ್ನೇ ನೋಡುತ್ತ ಎದುರಿನ ಕುರ್ಚಿಯಲ್ಲಿ ಕೂತ. ಹೆಂಡತಿ ತಂದು ಕೈಗಿಟ್ಟ ತಣ್ಣನೆಯ ಜ್ಯೂಸನ್ನು ಅತ್ತ ನೋಡದೆಯೇ ಗಟಗಟನೆ ಕುಡಿದು ಮುಗಿಸಿದ. ಬಿಸಿಲಲ್ಲಿ ನಡೆದು ಬಂದಿದ್ದ. ಘಮ ಚೆನ್ನಾಗಿತ್ತು.

“ಏನ್ಮಾವ, ಮುಖ ಹೀಗಾಗಿದೆ?”

“ಹಲ್ಲು ಹೋಯ್ತಪ್ಪ,” ಎಂದರು ಮಾವ. ಮಾತು ಗಾಳಿಯ ಜೊತೆ ಬರುತ್ತಿತ್ತು. “ನೀನು ಕೊಡಿಸಿದ ಆ ಮೂತಿಯ ಕೋಣೆ ತೊಟ್ಟಿಲು ತೂಗಿದ ಹಾಗೆ ತೂಗ್ತಿತ್ತು. ಮೊದಲನೇ ದಿನಾನೇ ಕಂಬಿ ಹಿಡ್ಕೊಂಡು ವಾಂತಿ ಮಾಡ್ಕೊಂಡೆ ನೋಡು, ಸೆಟ್ಟು ಸಮೇತ ಸಮುದ್ರ ಸೇರ್ತು. ಬೆಟ್ಟದಷ್ಟು ಊಟ ಇಟ್ಟಿದ್ರು, ನಾನು ಬರೀ ಸೂಪು ಕುಡ್ಕೊಂಡು ಬಂದೆ.”

ಅವನಿಗೆ ನಗು ಬಂತು. ಅಳುವೂ ಬಂತು. “ಮತ್ತೆ ಆ ದಡದ ಹಣ್ಣು?”

“ಅದನ್ನ ಮರೀತೀನಾ? ನೀನು ಹೇಳಿದ ಹಾಗೇ ಕೆಂಪು ಪಟ್ಟಿ ಇತ್ತು. ಒಬ್ಬ ಓಡಿಬಂದು ಕೈ ಬೀಸಿ ಏನೇನೋ ಕೂಗಿದ. ನಾನು ಬಿಡ್ತೀನಾ? ಅವನು ಆ ಕಡೆ ತಿರುಗಿದ್ದೇ ತಡ, ನಾಲ್ಕು ಆರಿಸಿ ಕಾಲುಚೀಲದೊಳಗೆ ತುರುಕಿದೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆಗೆಸಿದ್ರು. ತೊಳೆಯದ ಕಾಲುಚೀಲ ನೋಡು, ಆ ಅಧಿಕಾರಿ ಮೂಗು ಹಿಡ್ಕೊಂಡು ತಾನೇ ಮುಚ್ಚಿಬಿಟ್ಟ.” ಮಾವ ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. “ಹಲ್ಲಿಲ್ಲದ ಬಾಯಿಗೆ ಅದೆಲ್ಲ ಯಾಕೆ? ನೀನು ಅಷ್ಟು ಆಸೆಪಟ್ಟಿದ್ದೆ. ನಾನು ಹುಟ್ಟಿದಾಗಿಂದ ಮೊದಲನೇ ಸಲ ಕಣಪ್ಪ, ಒಂದು ಹಣ್ಣಿಗೂ ಬಾಯಿ ಹಾಕಿಲ್ಲ.”

ಅವನು ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡಿದ. ಕುಡಿಯುವ ಮೊದಲು ಕೇಳಬೇಕಾದ ಮಾತನ್ನು ಇವತ್ತೊಂದು ದಿನ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ನಲ್ಲಿಯ ನೀರು ಒಂದೇ ಸಮನೆ ಸುರಿಯುತ್ತಿತ್ತು. ಹೆಂಡತಿ ಕೆಂಪಗೆ ಊದಿದ ಬೆರಳುಗಳನ್ನು ಸೆರಗಿಗೆ ಒತ್ತಿಕೊಳ್ಳುತ್ತ ಹೊರಗೆ ಬಂದಳು. “ಆ ಹಣ್ಣು ಹೆಚ್ಚಿದಾಗಿಂದ ಕೈ ಯಾಕೋ ಉರೀತಿದೆ ಕಣ್ರೀ,” ಎಂದಳು, “ಹೇಳಿದ್ರೆ ನೀವು ಮುಟ್ಟಲ್ಲ ಅಂತ ನಾಲ್ಕನ್ನೂ ಸಕ್ಕರೆ ಹಾಕಿ ರುಬ್ಬಿಬಿಟ್ಟೆ. ಒಂದೇ ಲೋಟ ಆಯ್ತು, ನಿಮಗೇ ಕೊಡು ಅಂದ್ರು ಮಾಮ. ಎಂಜಲೇನಿಲ್ಲ, ಕಕ್ಕೋಕೆ ಹೋಗ್ಬೇಡಿ.” ಮಾವ ಬರಿಯ ವಸಡು ತೋರಿಸಿ ನಗುತ್ತ ಅವನ ಮಂಡಿಯ ಮೇಲೆ ಕೈಯಿಟ್ಟರು. “ಹೇಳೋ ಅಳಿಯ, ಸಿಹಿ ಇತ್ತಾ?” ಸಿಹಿ ಇತ್ತು. ಸಕ್ಕರೆಯದೋ ಹಣ್ಣಿನದೋ ತಿಳಿಯದಷ್ಟು ಸಿಹಿ ಇತ್ತು. ಆಸ್ಪತ್ರೆಗೆ ಓಡಬೇಕು, ಕುಡಿದದ್ದು ಏನೆಂದು ಹೇಳಬೇಕು, ಅದು ಏನೆಂದು ತನಗೆ ಮೊದಲೇ ಹೇಗೆ ಗೊತ್ತಿತ್ತು ಎಂದು ಈ ಇಬ್ಬರ ಎದುರಿಗೇ ಹೇಳಬೇಕು. ಅವನು ಬಾಯಿ ತೆರೆದ. ನಾಲಿಗೆಯ ತುದಿಯಲ್ಲಿ ಮೆಣಸು ಅಗಿದ ಹಾಗೆ ಶುರುವಾಗಿತ್ತು.