ದನಿಯಿಲ್ಲದ ವಾದ್ಯದ ಕಳವು

ಮಂಗಳವಾರ ಬೆಳಿಗ್ಗೆ ಠಾಣೆಯ ನೆಲ ಒರೆಸಿದ್ದು ಇನ್ನೂ ಆರಿರಲಿಲ್ಲ. ತೆಳ್ಳಗಿನ ಸಂಗೀತಗಾರನೊಬ್ಬ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹುಷಾರಾಗಿ ಹೆಜ್ಜೆಯಿಡುತ್ತಾ ಬಂದು ದಫೇದಾರನ ಮೇಜಿನ ಮುಂದೆ ನಿಂತ.

“ಏನು ಕಳುವಾಗಿದೆ?”

“ಕೀಬೋರ್ಡ್, ಸಾರ್.”

“ಟೈಪ್ ಮಾಡೋದಾ?”

“ಅಲ್ಲ, ನುಡಿಸೋದು. ಪುಟ್ಟದು. ಬ್ಯಾಗಲ್ಲಿ ಹಾಕ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗಬಹುದು.” ಮೊಣಕೈಯಿಂದ ಬೆರಳ ತುದಿಯವರೆಗೆ ಅಳತೆ ತೋರಿಸಿದ.

ದಫೇದಾರ ‘ಒಂದು ಮೊಳ’ ಎಂದು ಬರೆದುಕೊಂಡ. “ಶಬ್ದ ಹೇಗಿರುತ್ತೆ? ಹಾರ್ಮೋನಿಯಂ ಥರಾನಾ?”

“ಅದಕ್ಕೆ ಶಬ್ದ ಇಲ್ಲ ಸಾರ್.”

ಪೆನ್ನು ನಿಂತಿತು. “ನುಡಿಸೋ ವಾದ್ಯ. ಆದ್ರೆ ಶಬ್ದ ಇಲ್ಲ. ಇದನ್ನ ಎಫ್‌ಐಆರ್‌ನಲ್ಲಿ ಬರೆದ್ರೆ ಮೊದಲು ನನ್ನನ್ನ ಆಸ್ಪತ್ರೆಗೆ ಸೇರಿಸ್ತಾರೆ.”

“ಶಬ್ದ ಎಲ್ಲಾ ಕಂಪ್ಯೂಟರ್ ಒಳಗಿರುತ್ತೆ. ಇದು ತಾನೇನೂ ಮಾಡಲ್ಲ. ಈ ಸ್ವರ ನುಡಿಸು, ಆ ಸ್ವರ ನುಡಿಸು ಅಂತ ಅದಕ್ಕೆ ಹೇಳುತ್ತೆ, ಅಷ್ಟೇ.”

“ನಮ್ಮ ಸಾಹೇಬರ ಥರ,” ಎಂದ ದಫೇದಾರ, ಒಳಗಿನ ಕೋಣೆಯತ್ತ ಕಣ್ಣು ಹಾಯಿಸಿ.

ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಇನ್‌ಸ್ಪೆಕ್ಟರ್ ಸಾವಧಾನದ ಮನುಷ್ಯ. ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸಿ ಮುಗಿಯುವಷ್ಟರಲ್ಲಿ ಸಿಟ್ಟೂ ಇಳಿದಿರುತ್ತಿತ್ತು. ಈಗಲೂ ಒರೆಸಿದರು.

“ಅದು ಹೋದ್ರೆ ನಿಮಗೇನು ನಷ್ಟ?” ಎಂದು ಕೇಳಿದರು.

ಸಂಗೀತಗಾರನ ಮುಖ ಬಾಡಿತು. “ಶನಿವಾರ ಸಂಜೆ ನಾಟಕ ಇದೆ ಸಾರ್. ಕೊನೇ ಹಾಡು ಮುಗಿದ ಮೇಲೇ ಪರದೆ ಬೀಳಬೇಕು. ಆ ಹಾಡೇ ಇನ್ನೂ ಮುಗಿದಿಲ್ಲ. ಮುಗಿಸದಿದ್ರೆ ತಂಡದವರು ಬೇರೆಯವರನ್ನ ನೋಡ್ಕೊಳ್ತಾರಂತೆ.”

“ಎಷ್ಟು ದಿನದಿಂದ ಮುಗಿದಿಲ್ಲ?”

“ಮೂರು ತಿಂಗಳಿಂದ.”

ಅವನು ಹೊರಟ ಮೇಲೆ ದಫೇದಾರ ದನಿ ತಗ್ಗಿಸಿದ. “ಇವನೇ ಬಚ್ಚಿಟ್ಟಿದ್ದಾನೆ ಸಾರ್. ಹಾಡು ಹೊಳೆದಿಲ್ಲ, ಕಳ್ಳನ ಮೇಲೆ ಹಾಕ್ತಿದ್ದಾನೆ. ನಾನೂ ಶಾಲೇಲಿ ಹೀಗೇ ಪುಸ್ತಕ ಕಳೀತಿದ್ದೆ.”

ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು. ಮಹಡಿಯ ಮೇಲಿನ ಒಂದೇ ಕೋಣೆ. ಬೀಗ ಒಡೆದಿರಲಿಲ್ಲ. ಮೇಜಿನ ಮೇಲೆ ಕಂಪ್ಯೂಟರ್ ಮಡಚಿದಂತೆಯೇ ಇತ್ತು. ಬೆಲೆಬಾಳುವುದನ್ನು ಬಿಟ್ಟು ಪಕ್ಕದ ಆಟಿಕೆಯಂಥದ್ದನ್ನು ಎತ್ತಿಕೊಂಡು ಹೋಗುವ ಕಳ್ಳನನ್ನು ಇನ್‌ಸ್ಪೆಕ್ಟರ್ ತಮ್ಮ ಸೇವಾವಧಿಯಲ್ಲಿ ಕಂಡಿರಲಿಲ್ಲ. ಅವರು ಬಗ್ಗಿ ನೆಲ ನೋಡಿದರು.

“ದಿನಾ ಕಸ ಗುಡಿಸ್ತೀರಾ?”

ಸಂಗೀತಗಾರ ನಾಚಿದ. “ಹಬ್ಬಕ್ಕೋ ಹುಣ್ಣಿಮೆಗೋ ಸಾರ್.”

“ಮತ್ತೆ ಇದನ್ನ ಗುಡಿಸಿದ್ದು ಯಾರು?”

ನೆಲ ಚೊಕ್ಕಟವಾಗಿತ್ತು. ಕುರ್ಚಿಯ ಮೇಲೆ ಅಂಗಿಗಳನ್ನು ಮಡಚಿಟ್ಟಿತ್ತು. ‘ಕಳ್ಳನು ಕಸ ಗುಡಿಸಿರುತ್ತಾನೆ’ ಎಂದು ಬರೆದ ದಫೇದಾರ ಆ ಸಾಲನ್ನು ಒಮ್ಮೆ ಓದಿಕೊಂಡು, ತನ್ನ ಮನೆಯ ಬೀಗದ ಬಗ್ಗೆ ಒಂದು ಗಳಿಗೆ ಯೋಚಿಸಿದ.

ಬುಧವಾರ ಸಂಗೀತಗಾರ ಮತ್ತೆ ಬಂದ. ಈ ಸಲ ಸ್ಪೀಕರ್ ಪೆಟ್ಟಿಗೆ ಹೋಗಿತ್ತು. ಕಂಪ್ಯೂಟರನ್ನು ಮುಟ್ಟಿರಲಿಲ್ಲ. ಕಿಟಕಿಯ ಗಾಜು ಒರೆಸಿತ್ತು.

ಇನ್‌ಸ್ಪೆಕ್ಟರ್ ಬಹಳ ಹೊತ್ತು ಕನ್ನಡಕ ಒರೆಸಿದರು. ಸಿಟ್ಟಿರಲಿಲ್ಲ, ಯೋಚನೆಯಿತ್ತು. “ಮೊದಲು ವಾದ್ಯ ತಗೊಂಡ. ನುಡಿಸಿದ, ಶಬ್ದ ಬರಲಿಲ್ಲ. ಈಗ ಶಬ್ದ ಹುಡುಕ್ಕೊಂಡು ಬಂದಿದ್ದಾನೆ. ಅದು ಕಂಪ್ಯೂಟರ್‌ನಲ್ಲಿದೆ ಅಂತ ಪಾಪ ಅವನಿಗೆ ಗೊತ್ತಿಲ್ಲ. ಇದು ಮಾರೋ ಕಳ್ಳ ಅಲ್ಲ ಕಣಯ್ಯಾ, ನುಡಿಸೋ ಕಳ್ಳ. ರಿಪೇರಿ ಅಂಗಡಿಗಳನ್ನ ವಿಚಾರಿಸು.”

ಗುರುವಾರ ಬೆಳಿಗ್ಗೆ ದಫೇದಾರ ಬೀದಿ ಕೊನೆಯ ರೇಡಿಯೊ ರಿಪೇರಿಯವನ ಮುಂದೆ ನಿಂತಿದ್ದ.

“ಒಂದು ಮೊಳದ ವಾದ್ಯ ಬಂದಿತ್ತಾ?”

“ಬಂದಿತ್ತಲ್ಲ. ಬಿಚ್ಚಿ ನೋಡ್ದೆ, ಒಳಗೆ ಶಬ್ದದ ಸಾಮಾನೇ ಇಲ್ಲ. ‘ಇದರ ಶಬ್ದ ಬೇರೆ ಪೆಟ್ಟಿಗೇಲಿರುತ್ತೆ ಅಜ್ಜಿ, ಅದನ್ನೂ ತನ್ನಿ’ ಅಂದೆ.”

“ಅಜ್ಜೀನಾ?”

“ಮರುದಿನ ತಂದೇ ಬಿಟ್ರು. ಜೋಡಿಸಿದ್ರೂ ಮಾತಾಡಲಿಲ್ಲ. ‘ನೀನು ಕೈಲಾಗದವನು’ ಅಂತ ನನಗೇ ಬೈದು ಹೋದ್ರು.”

ಮೇಲಿನ ಕೋಣೆಗೆ ಇನ್ನೊಂದು ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನು ಕೇಳಲು ಸಂಗೀತಗಾರನನ್ನು ಕರೆಸುವ ಅಗತ್ಯವೇ ಬೀಳಲಿಲ್ಲ. ಕೆಳಗಿನ ಮನೆಯಲ್ಲಿದ್ದ ಅವನ ಮನೆ ಒಡತಿಯ ಬಾಗಿಲನ್ನು ಇನ್‌ಸ್ಪೆಕ್ಟರ್ ಜೊತೆ ಬಂದ ಮಹಿಳಾ ಕಾನ್‌ಸ್ಟೇಬಲ್ ತಟ್ಟಿದಳು. ಮೂರು ಸಲ ತಟ್ಟಿದ ಮೇಲೆ ಅಜ್ಜಿ ಬಾಗಿಲು ತೆರೆದರು. ಸಮವಸ್ತ್ರ ಕಂಡು ಹೆದರಲಿಲ್ಲ.

“ಬಂದ್ರಾ, ಒಳ್ಳೇದಾಯ್ತು. ಸರ್ಕಾರದವರಿಗಾದ್ರೂ ಗೊತ್ತಿರುತ್ತೆ. ಇದಕ್ಕೆ ಯಾಕೆ ಶಬ್ದ ಬರ್ತಿಲ್ಲ, ಸ್ವಲ್ಪ ನೋಡಿ.”

ಕಳವಿನ ಮಾಲು ನಡುಮನೆಯ ಮೇಜಿನ ಮೇಲೇ ಇತ್ತು. ಧೂಳು ಕೂರದಂತೆ ಒಗೆದ ಟವೆಲ್ ಹೊದಿಸಿತ್ತು.

“ಅಜ್ಜೀ, ಇದು ಕಳ್ಳತನ,” ಎಂದರು ಇನ್‌ಸ್ಪೆಕ್ಟರ್.

“ಈ ಕಡೆ ಕಿವಿಗೆ ಹೇಳಪ್ಪಾ. ಆ ಕಡೇದು ಹೋಗಿದೆ.”

ಇನ್‌ಸ್ಪೆಕ್ಟರ್ ಬಲಕ್ಕೆ ಬಂದು ಮತ್ತೆ ಹೇಳಿದರು.

“ಕಳ್ಳತನ ಹೇಗಾಗುತ್ತೆ? ನನ್ನ ಮಹಡಿಯಿಂದ ನನ್ನ ನಡುಮನೆಗೆ ತಂದೆ.”

“ಬಾಡಿಗೆಗೆ ಕೊಟ್ಟ ಮೇಲೆ ಅದು ಅವನ ಮನೆ.”

“ಹಾಗಾದ್ರೆ ಕಸ ಅವನೇ ಗುಡಿಸ್ಲಿ. ಮೂರು ತಿಂಗಳಿಂದ ಅವನು ನುಡಿಸ್ತಾನೆ ನೋಡಪ್ಪಾ, ರಾಗ ಮೇಲೆ ಹೋಗುತ್ತೆ, ಮೇಲೆ ಹೋಗುತ್ತೆ, ಆಮೇಲೆ ನಿಂತುಬಿಡುತ್ತೆ. ದಿನಾ ಅಲ್ಲೇ. ನನ್ನ ಬಾಯಲ್ಲಿಟ್ಟ ತುತ್ತೂ ಅಲ್ಲೇ ನಿಲ್ಲುತ್ತೆ. ‘ಮುಗಿಸೋ ಮಾರಾಯಾ’ ಅಂದ್ರೆ ‘ನೋಡ್ತೀನಿ ಅಜ್ಜಿ’ ಅಂತಾನೆ. ನಾನು ಹುಡುಗಿಯಾಗಿದ್ದಾಗ ಅಣ್ಣನ ಹಾರ್ಮೋನಿಯಂ ನುಡಿಸ್ತಿದ್ದೆ. ನಾನೇ ಮುಗಿಸಿಕೊಳ್ಳೋಣ ಅಂತ ತಂದೆ.”

“ಅವನನ್ನೇ ಕೇಳಿ ತರಬಹುದಿತ್ತಲ್ಲಾ?”

ಅಜ್ಜಿ ಸೆರಗಿನ ತುದಿ ಸರಿಮಾಡಿಕೊಂಡರು. “ಮುದುಕಿ ಪಾಠ ಹೇಳೋಕೆ ಬಂದ್ಲು ಅನ್ಕೊಂಡ್ರೆ?”

ವಶಪಡಿಸಿಕೊಂಡ ಮಾಲು ದೂರುದಾರನದೇ ಹೌದೆಂದು, ಅದು ಕೆಲಸ ಮಾಡುತ್ತದೆಂದು ಪಂಚರ ಮುಂದೆ ಖಾತ್ರಿಯಾಗಬೇಕು. ಸಂಗೀತಗಾರ ತನ್ನ ಕಂಪ್ಯೂಟರ್ ತಂದು ಠಾಣೆಯ ಮೇಜಿನ ಮೇಲಿಟ್ಟು ತಂತಿ ಸಿಕ್ಕಿಸಿದ. ರಿಪೇರಿಯವನೂ ಎದುರು ಅಂಗಡಿಯ ದರ್ಜಿಯೂ ಪಂಚರಾಗಿ ನಿಂತರು. ಆರೋಪಿಯನ್ನು ಮಹಿಳಾ ಕಾನ್‌ಸ್ಟೇಬಲ್ ಕೈಹಿಡಿದು ಕರೆತಂದಳು. ಯಾರು ಯಾರನ್ನು ಹಿಡಿದಿದ್ದಾರೆಂದು ಹೇಳುವುದು ಕಷ್ಟವಿತ್ತು.

“ನೀವೇ ಒತ್ತಿ ಅಜ್ಜಿ,” ಎಂದ ಸಂಗೀತಗಾರ.

ಅಜ್ಜಿ ಒಂದು ಕೀ ಒತ್ತಿದರು. ನಾಯಿ ಬೊಗಳಿತು.

ದಫೇದಾರ ಕುರ್ಚಿಯ ಮೇಲೆ ಹತ್ತಿದ. ಇನ್ನೊಂದು ಕೀ ಒತ್ತಿದರೆ ಇನ್ನೂ ದಪ್ಪನೆಯ ನಾಯಿ. ಸಂಗೀತಗಾರ ಬೆವೆತ. “ನಾಟಕದಲ್ಲಿ ಬೀದಿ ದೃಶ್ಯ ಇದೆ ಸಾರ್, ಅದಕ್ಕೆ ಹಾಕಿದ್ದೆ. ಬದಲಾಯಿಸ್ತೀನಿ.”

ಬದಲಾಯಿಸಿದ. ಅಜ್ಜಿ ಬಲಗಿವಿಯನ್ನು ಸ್ಪೀಕರ್‌ಗೆ ಆನಿಸಿ ಕಣ್ಣು ಮುಚ್ಚಿದರು. ಈಗ ಹಾರ್ಮೋನಿಯಂ ಮೊಳಗಿತು. ಅವರ ಬೆರಳುಗಳು ಮೊದಲು ತಡವರಿಸಿದವು, ಆಮೇಲೆ ದಾರಿ ನೆನಪಾದ ಹಸುವಿನಂತೆ ತಾವೇ ನಡೆದವು. ರಾಗ ಮೇಲೇರಿತು. ಸಂಗೀತಗಾರ ದಿನವೂ ನಿಲ್ಲುತ್ತಿದ್ದ ಕಡೆ ಬಂದಾಗ ಠಾಣೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದರು. ಅವನು ಮೂರು ತಿಂಗಳು ಅಲ್ಲಿಂದ ಇನ್ನೂ ಮೇಲಕ್ಕೆ ಮೆಟ್ಟಿಲು ಹುಡುಕಿದ್ದ. ಅಜ್ಜಿ ಮೇಲೆ ಹೋಗಲಿಲ್ಲ. ಒಂದೊಂದೇ ಸ್ವರ ಇಳಿದು, ಹೊರಟಿದ್ದ ಷಡ್ಜಕ್ಕೇ ಬಂದು, ಹೊರಗೆಲ್ಲ ಸುತ್ತಿ ಬಂದವರು ಜಗಲಿಯ ಮೇಲೆ ಕೂರುವಂತೆ ಅಲ್ಲೇ ತಂಗಿದರು. 

“ಇನ್ನೊಂದ್ಸಲ ಅಜ್ಜಿ,” ಎಂದ ಸಂಗೀತಗಾರ ಮೆಲ್ಲಗೆ. “ರೆಕಾರ್ಡ್ ಮಾಡ್ಕೊಳ್ತೀನಿ.”

“ನೋಡ್ತೀನಿ,” ಎಂದರು ಅಜ್ಜಿ, ಅವನದೇ ದನಿಯಲ್ಲಿ. ನಕ್ಕು, ನುಡಿಸಿದರು.

ಬಂಧನವನ್ನು ಕ್ರಮದಂತೆ ದಾಖಲಿಸಿ, ಠಾಣೆಯಲ್ಲೇ ಜಾಮೀನು ನೀಡಲಾಯಿತು. ಜಾಮೀನಿಗೆ ಸಹಿ ಹಾಕಿದವನು ದೂರುದಾರನೇ. ಮೊಕದ್ದಮೆ ಬೇಡವೆಂದು ನ್ಯಾಯಾಲಯಕ್ಕೆ ತಾನೇ ಹೇಳುವುದಾಗಿ ಬರೆದುಕೊಟ್ಟ. ಶನಿವಾರ ಪರದೆ ಸರಿಯಾಗಿ ಬಿತ್ತು. ಮೊದಲ ಸಾಲಿನಲ್ಲಿ, ಬಲಗಿವಿ ರಂಗದ ಕಡೆಗೆ ಬರುವಂತೆ, ಆರೋಪಿ ಕೂತಿದ್ದರು.

ಸೋಮವಾರ ದಫೇದಾರ ಕಡತ ಹಿಡಿದು ಬಂದ. ಕೃತ್ಯದ ಉದ್ದೇಶ ಏನೆಂದು ಬರೆಯಬೇಕಿತ್ತು. ಆ ಮನೆಗೆ ಹೋಗಿ ಬಂದ ಮಹಿಳಾ ಕಾನ್‌ಸ್ಟೇಬಲ್ ಅವನಿಗೊಂದು ಮಾತು ಹೇಳಿದ್ದಳು. ಉಳಿದ ಕಿವಿಯೂ ಹೆಚ್ಚು ದಿನ ಇರದೆಂದು ವೈದ್ಯರು ಅಜ್ಜಿಗೆ ಹೇಳಿದ್ದರಂತೆ. ಇನ್ನು ಮುಂದೆ ಇರುವುದೆಲ್ಲ ಮೌನವಾದರೆ ಆಗಲಿ, ಆದರೆ ಅರ್ಧಕ್ಕೆ ನಿಂತ ರಾಗವೊಂದನ್ನು ತಲೆಯಲ್ಲಿಟ್ಟುಕೊಂಡು ಅದರೊಳಗೆ ಹೋಗಲಾರೆ ಎಂದಿದ್ದರಂತೆ.

ಇನ್‌ಸ್ಪೆಕ್ಟರ್ ಕನ್ನಡಕ ಒರೆಸುತ್ತಾ ಅದೇ ರಾಗವನ್ನು ಗುನುಗುತ್ತಿದ್ದರು.  ಸಾಹೇಬರು ಇಳಿದು ಇಳಿದು ಕೊನೆಯ ಸ್ವರ ಮುಟ್ಟುವವರೆಗೂ ದಫೇದಾರ ಬಾಗಿಲಲ್ಲೇ ಕಾದು ನಿಂತ.