ಸಾಫ್ ಮಾಡಿದ ಹಾಡು

ನನಗ ಕ್ಲಾರಿನೆಟ್ ಕಲಿಸಿದ ಕಮಲಾಪುರದ ದೌಲಪ್ಪ ಉಸ್ತಾದರು ಅಮೆರಿಕದ ಹಳೇ ಜಾಝ್ ಊದೋವಾಗ ಹಿಮ್ಮಡದಿಂದ ನೆಲಕ್ಕ ತಾಳ ಬಡೀತಿದ್ರು. ಅವರು ತೀರಿ ಮೂರು ವರ್ಷ ಆತು. ಕಲಬುರಗಿ ಸ್ಟುಡಿಯೋದ ಮಹಾದೇವ ಅವರ ಕ್ಯಾಸೆಟ್ ಸಾಫ್ ಮಾಡ್ತೀನಂತ ತಗೊಂಡು, ಆ ತಾಳಾನೇ ಗದ್ದಲ ಅಂತ ತೆಗೆದು ಒಗದಾನ!

"ಬೇಕೂಫ್, ಯಾರನ್ನ ಕೇಳಿ ಕತ್ತರಿ ಹಾಕಿದಿ? ಅದು ಅವರ ಜೀವ ಇತ್ತಲೇ!" ಅಂತ ಬೈದೆ.

ಅದೇ ಸಿಟ್ಟಿನ್ಯಾಗ ಮಧ್ಯಾಹ್ನ ಕಮಲಾಪುರಕ್ಕ ಹೋಗಿ, ಉಸ್ತಾದರ ಹೆಂಡ್ತಿ ನೀಲಗಂಗಮ್ಮಗ ಅವ ಸಾಫ್ ಮಾಡಿದ ಆ ಹಾಡು ಮೊಬೈಲಿನ್ಯಾಗ ಹಚ್ಚಿ ಕೇಳಿಸಿದೆ. ಫರಸಿ ಕಲ್ಲಿನ ನೆಲದ ಮ್ಯಾಲ ಹಿಮ್ಮಡದ ತಾಳ ಬೀಳಾಕ ಹತ್ತಿತು; ನಮ್ಮಿಬ್ಬರ ಕಾಲೂ ಅಲುಗಿದ್ದಿಲ್ಲ. ಮೊಬೈಲ್ ಬಂದ್ ಮಾಡಿದೆ. ತಾಳ ನಿಲ್ಲಲಿಲ್ಲ.

"ನೀ ಊದಪ್ಪ, ಅವರು ಕಾಯಾಕತ್ತಾರ," ಅಂತ ನೀಲಗಂಗಮ್ಮ ಟ್ರಂಕಿನ ಕೀಲಿ ತೆಗೆದು ಅವರ ಕ್ಲಾರಿನೆಟ್ ಕೊಟ್ರು.

ಮೂರು ವರ್ಷದಿಂದ ಅದನ್ನ ಯಾರೂ ಮುಟ್ಟಿದ್ದಿಲ್ಲ. ಬಾಯಿಗಿಡೋ ರೀಡ್ ಎಂಜಲಿನಿಂದ ಹಸಿಯಾಗಿತ್ತು.