ನಗರದ ಗಂಟಲು ಬಿಡಿಸಿದ ಗೋಂದು

ಬಹಳ ಬಹಳ ಹಿಂದೆ, ಪಾರಸಿಕರ ಬೆಟ್ಟಗಳ ನಡುವೆ ಜರ್ನಾಬ್ ಎಂಬ ರಾಜ್ಯವಿತ್ತು. ಅಲ್ಲಿ ಪಟ್ಟವೇರುವವನು ಕೋಟೆಯ ಚೌಕದಲ್ಲಿ ನಿಂತು "ನಾನು ಆಳಲೇ?" ಎಂದು ಮೂರು ಸಲ ಕೇಳಬೇಕು. ಕೋಟೆಯ ಒಳಗಿದ್ದವರಲ್ಲಿ ಒಬ್ಬರು "ಬೇಡ" ಎಂದರೂ ಸಾಕು, ಪಟ್ಟವಿಲ್ಲ. ಒಳ್ಳೆಯ ಪದ್ಧತಿಯೇ. ಆದರೆ ಬೆಟ್ಟದಲ್ಲಿ ಗೋಂದು ತೆಗೆಯುವವರು ಮಾತ್ರ ಕೋಟೆಯ ಹೊರಗೆ. ಅವರ ಮಾತಿಗೆ ಕವಡೆ ಕಾಸಿನ ಕಿಮ್ಮತ್ತಿರಲಿಲ್ಲ.

ರಾಜ ತೀರಿಕೊಂಡ. ಖರ್ದೂಮನೆಂಬ ಮಾಂತ್ರಿಕ ಕೋಟೆಯಲ್ಲಿ ಕಪ್ಪು ಧೂಪ ಹಾಕಿದ. ಹೊಗೆ ಎಲ್ಲರ ಗಂಟಲಿಗೂ ಇಳಿಯಿತು. ದನಿಗಳೆಲ್ಲ ಹೊಗೆಯ ಜೊತೆ ಹೊರಬಂದು ಅವನ ಧೂಪದಾನಿಯೊಳಗೆ ಸೇರಿದವು.

"ನಾಲ್ಕನೆಯ ದಿನ ನನ್ನ ಪಟ್ಟ. ಐದನೆಯ ದಿನ ಬೆಟ್ಟದ ಕತೀರಾ ಗಿಡಗಳನ್ನೆಲ್ಲ ಬೇರುಸಹಿತ ಕಡಿಸುತ್ತೇನೆ," ಎಂದು ಸಾರಿದ. ಗಂಟಲಿನ ಮದ್ದು ಆ ಗಿಡದಲ್ಲೇ ಇತ್ತಲ್ಲ, ಕಳ್ಳನಿಗೆ ಗೊತ್ತಿತ್ತು!

ಗೋಂದಿನವರ ಹುಡುಗಿ ಮೆಹ್ರಿ ಕೇಳಿ ಉರಿದುಬಿದ್ದಳು.

"ಸುಮ್ಮನಿರು ಮಗಳೇ," ಎಂದ ಅಪ್ಪ. "ಕೋಟೆಯವರು ನಮ್ಮನ್ನ ಯಾವತ್ತು ಮನುಷ್ಯರು ಅಂದಿದ್ದಾರೆ?"

"ಅನ್ನದಿದ್ದರೆ ಬಿಡಲಿ ಅಪ್ಪಾ. ಗಿಡ ನಮ್ಮದು. ಆ ಹೊಗೆಬುರುಕನಿಗೆ ನಾನು ಬಗ್ಗೋಳಲ್ಲ!"

ಕತೀರಾ ಎಂದರೆ ಮುಳ್ಳಿನ ಕುಳ್ಳ ಗಿಡ. ಬುಡದಲ್ಲಿ ಉಗುರಿನಷ್ಟೇ ಗೀರಿ ಮೂರು ದಿನ ಕಾಯಬೇಕು. ಬಿಳಿ ಗೋಂದು ಸುರುಳಿಯಾಗಿ ಹೊರಬರುತ್ತದೆ. ನೀರಲ್ಲಿ ನೆನೆಸಿ ಕುಡಿದರೆ ಕೆಮ್ಮು ಇಳಿಯುತ್ತದೆ ಎಂದು ಅಲ್ಲಿನ ಹಕೀಮರು ಹೇಳುತ್ತಿದ್ದರು. ಆಳವಾಗಿ ಕಡಿದರೋ, ಗಿಡವೂ ಸಾಯುತ್ತದೆ, ಮದ್ದೂ ಕೆಡುತ್ತದೆ. ಮೆಹ್ರಿ ಗೀರಿ ಕುಳಿತಳು.

ಮೊದಲ ದಿನ ಎರಡು ತಲೆಯ ತೋಳ ಬಂತು. "ಬೇರು ಕಡಿ! ಇಲ್ಲದಿದ್ದರೆ ನಿನ್ನನ್ನೇ ನುಂಗುತ್ತೇನೆ!"

"ಒಲ್ಲೆ. ಯಾವ ಬಾಯಲ್ಲಿ ನುಂಗ್ತೀಯ, ಮೊದಲು ನೀವಿಬ್ಬರೂ ಮಾತಾಡಿಕೊಳ್ಳಿ."

ತಲೆಗಳೆರಡೂ ಜಗಳಕ್ಕೆ ಬಿದ್ದವು. ತೋಳ ಹೊಗೆಯಾಗಿ ಹೋಯಿತು.

ಎರಡನೆಯ ದಿನ ಹಿತ್ತಾಳೆ ರೆಕ್ಕೆಯ ಹದ್ದು ಬಂತು. "ಊರು ಕೆಮ್ಮಿ ಸಾಯುತ್ತಿದೆ. ಆಳವಾಗಿ ಕಡಿ, ಬೇಗ!"

"ಒಲ್ಲೆ. ಆತುರಗಾರನಿಗೆ ಬುದ್ಧಿ ಮಟ್ಟ." ಹದ್ದು ಅವಳ ಬೆನ್ನನ್ನು ಪರಚಿತು. ಮೆಹ್ರಿ ಗಿಡವನ್ನು ತಬ್ಬಿ ಹಿಡಿದಳು, ಅಲುಗಲಿಲ್ಲ. ಸಂಜೆಗೆ ಹದ್ದೂ ಹೊಗೆಯಾಯಿತು.

ಮೂರನೆಯ ದಿನ ಬಂದವಳು ಸತ್ತುಹೋಗಿದ್ದ ಅವ್ವ. ಅದೇ ಮುಖ, ಅದೇ ದನಿ. "ಒಂದೇ ಒಂದು ಏಟು ಹಾಕು ಕಂದಾ. ನನಗಾಗಿ."

ಮೆಹ್ರಿಗೆ ಅಳು ಉಕ್ಕಿ ಬಂತು. ಚೂರಿಯನ್ನು ಗಿಡದ ಬುಡದವರೆಗೂ ಒಯ್ದಳು. ಆಮೇಲೆ ಕಣ್ಣೊರೆಸಿಕೊಂಡಳು. "ನನ್ನವ್ವ ಹಸಿದು ಮಲಗಿದ ದಿನವೂ ಬೇರು ಮುಟ್ಟಲಿಲ್ಲ. ನೀನ್ಯಾರೇ? ಒಲ್ಲೆ, ಹೋಗು!" ಆ ರೂಪವೂ ಕರಗಿತು.

ಮರುದಿನ ಬೆಳಿಗ್ಗೆ ಗೋಂದು ಬಂದಿತ್ತು, ಒಂದು ಬೊಗಸೆ. ಕೋಟೆಯ ಬಾಗಿಲಲ್ಲಿ ಕಾವಲುಗಾರ ಈಟಿ ಅಡ್ಡ ಹಿಡಿದ. ದನಿ ಹೋದರೂ ಜಂಬ ಹೋಗಿರಲಿಲ್ಲ ನೋಡಿ. ಮೆಹ್ರಿ ಗೋಂದನ್ನು ಕೋಟೆಯೊಳಗೆ ಹರಿಯುವ ಕಾಲುವೆಗೆ ಸುರಿದಳು. ಅದು ಉಬ್ಬಿತು, ಉಬ್ಬಿತು, ಊರಿನ ಕೊಡ ಕೊಡವನ್ನೂ ತುಂಬಿತು. ಜನ ಕುಡಿದರು.

ಚೌಕದಲ್ಲಿ ಖರ್ದೂಮ ಕೇಳಿದ, "ನಾನು ಆಳಲೇ?" ಮೌನ. ಎರಡನೆಯ ಸಲ ಕೇಳಿದ. ಬರೀ ಕೆಮ್ಮು. ಮೂರನೆಯ ಸಲ ಕೇಳಿದಾಗ ರೊಟ್ಟಿ ಸುಡುವ ಮುದುಕಿಯೊಬ್ಬಳು ಗಂಟಲು ಸರಿಮಾಡಿಕೊಂಡು "ಬೇಡ ಕಣೋ!" ಎಂದಳು. ಬೆನ್ನಿಗೇ ಇಡೀ ಊರು "ಬೇಡ!" ಎಂದು ಕೂಗಿತು. ಧೂಪದಾನಿ ಒಡೆಯಿತು. ಖರ್ದೂಮ ಒಂದು ಹಿಡಿ ಮಸಿಯಾದ. ಮುದುಕಿ ಅದನ್ನು ಗುಡಿಸಿ ಎಸೆದಳು.

ಜನ ಮೆಹ್ರಿಯನ್ನು ಎತ್ತಿಕೊಂಡು ಒಳಗೆ ತಂದರು. ಹಿರಿಯರು ಕೈಮುಗಿದು ಕೇಳಿದರು, "ತಾಯಿ, ಇನ್ನು ಮೇಲೆ ಈ ಚೌಕದಲ್ಲಿ ಬೆಟ್ಟದವರ ಪೈಕಿ ನಿನ್ನೊಬ್ಬಳ ಮಾತೂ ನಡೆಯುತ್ತದೆ. ಒಪ್ಪಿಗೆಯೇ?"

ಮೆಹ್ರಿ ತಿರುಗಿ ನೋಡಿದಳು. ಅಪ್ಪ ಮತ್ತು ಬೆಟ್ಟದವರೆಲ್ಲ ಬಾಗಿಲಾಚೆಯೇ ನಿಂತಿದ್ದರು.

"ನನ್ನೊಬ್ಬಳಿಗಾದರೆ, ಬೇಡ."

ಹಿರಿಯರು ಮುಖ ಮುಖ ನೋಡಿಕೊಂಡರು. ಕೋಟೆಯೊಳಗೆ ನಿಂತವಳು ಬೇಡ ಎಂದಳಲ್ಲ, ಪದ್ಧತಿ ಎಂದರೆ ಪದ್ಧತಿ! ಅಂದೇ ಬಾಗಿಲನ್ನು ಕಳಚಿ ಹಾಕಿದರು. ಅಪ್ಪ ಎಲ್ಲರಿಗಿಂತ ಮೊದಲು ಒಳಗೆ ಬಂದ. ಆಮೇಲೆ ಜರ್ನಾಬಿನ ಜನ ನೂರು ಕಾಲ ಸುಖವಾಗಿ ಬಾಳಿದರು. ಪಟ್ಟವೇರುವವರು ಮಾತ್ರ ಬೆಟ್ಟದ ಕಡೆಗೂ ಒಮ್ಮೆ ತಿರುಗಿ, ಗಂಟಲು ಸರಿಮಾಡಿಕೊಂಡು, ವಿನಯದಿಂದ ಕೇಳುತ್ತಿದ್ದರು.